ಮಿಂಚಂಚೆಯ ಗಂಟೆಯನ್ನು ಬಾರಿಸುವವರು ಯಾರು?

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಸ್ವಲ್ಪ ಮೊದಲು ಸಿಂಗಸಂದ್ರ ಸಿಗುತ್ತದೆ. ಈ ಭಾಗದಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ಅನೇಕರ ಗಿರಾಕಿಗಳು ಸಮುದ್ರದಾಚೆಯವರು. ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯಾದಾಗ ಇಲ್ಲಿ ಸಂಜೆ 7-30. ಅಲ್ಲಿಯ ಗಡಿಯಾರಗಳನ್ನು ಒಂದು ತಾಸು ಮುಂದಿಡುವ ಬೇಸಗೆಯಲ್ಲಿ 6-30. ಇಲ್ಲಿಯವರು ದಿನದ ಕೆಲಸವನ್ನು ಮುಗಿಸುವ ಹೊತ್ತಿಗೆ ಅಲ್ಲಿಯವರ ಮಿಂಚಂಚೆಗಳು ಬರತೊಡಗುತ್ತವೆ. ಒಂದೊಂದಕ್ಕೂ ತೆರೆಯ ಮೂಲೆಯಲ್ಲಿ ಚೀಟಿಯೊಂದು ಮೂಡಿ 'ಟಿಣ್' ಎನ್ನುತ್ತದೆ. ಈ ಗಂಟೆಯನ್ನು ಅಂಕೆಯಲ್ಲಿಡುವುದು ಹೇಗೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಪತ್ರವು ಬರುವುದು ಬೇರೆ, ಬಂದಿತೆಂದು ಸಾರುವುದು ಬೇರೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರವನ್ನು ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರು 1971ರಲ್ಲಿ ಕಳುಹಿಸಿದರು. ಸಾರುವ ಕೆಲಸಕ್ಕಾಗಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದವರು 1980ರಲ್ಲಿ 'ಬಿಫ್' ಎಂಬ ಪುಟ್ಟ ತಂತ್ರಾಂಶವನ್ನು ಹೊರತಂದರು. ಬಿಫ್ ಎಂಬುದು ಅಲ್ಲಿಯವರೊಬ್ಬರ ನಾಯಿಯ ಹೆಸರು! 'ಬಿಫ್ ವೈ' ಎಂದು ಬೆರಳಚ್ಚಿಸಿದರೆ ಅದು ಸೂಚನೆ ಕೊಡುತ್ತಿತ್ತು. 'ಬಿಫ್ ಎನ್' ಎಂದರೆ ಸುಮ್ಮನಾಗುತ್ತಿತ್ತು. ಬೊಗಳುವುದರೊಡನೆಯೇ ಬಾಯಿ ಮುಚ್ಚಿಸುವ ಉಪಾಯವೂ ಹುಟ್ಟಿತೆಂದಾಯಿತು.

ಇಂದಿನ ಯಂತ್ರಗಳು ಎರಡು ಬಗೆಯಲ್ಲಿ ಹೊಸ ಪತ್ರವನ್ನು ಅರಿಯುತ್ತವೆ. ಒಂದು, ಕೆಲವು ನಿಮಿಷಗಳಿಗೊಮ್ಮೆ ದೂರದ ಅಂಚೆ ಗಣಕವನ್ನು ತಾವೇ ಕೇಳುವುದು. ಇನ್ನೊಂದು, ಸಂಪರ್ಕವನ್ನು ತೆರೆದಿಟ್ಟು, ಅಂಚೆ ಗಣಕವೇ ಕೂಗಿ ಹೇಳಲೆಂದು ಕಾದಿರುವುದು. ಇದರ ನಿಯಮವು 1997ರಲ್ಲಿ ರೂಪುಗೊಂಡಿತು. ಗಂಟೆಯನ್ನು ನಿಲ್ಲಿಸಿದ ಮಾತ್ರಕ್ಕೆ ಪತ್ರವು ಕಳೆದುಹೋಗುವುದಿಲ್ಲ; ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿರುತ್ತದೆ.

ಕಾಳನ್ನು ಎಣಿಸುತ್ತಿರುವವನನ್ನು ನಡುವೆ ಮಾತನಾಡಿಸಿದರೆ ಅವನು ಮತ್ತೆ ಒಂದರಿಂದ ಎಣಿಸಬೇಕಾಗುತ್ತದೆ. ಲೆಕ್ಕದಲ್ಲಿ ತಪ್ಪನ್ನು ಹುಡುಕುವವನ ಪಾಡೂ ಅದೇ. ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಕುಶ್ಲೇವ್ ಮತ್ತು ಡನ್ 124 ವಯಸ್ಕರನ್ನು ಒಂದು ವಾರ ದಿನಕ್ಕೆ ಮೂರು ಸಲ ಮಾತ್ರ, ಇನ್ನೊಂದು ವಾರ ಮನಬಂದಷ್ಟು ಸಲ ಅಂಚೆ ನೋಡುವಂತೆ ಮಾಡಿದರು. ಮೂರೇ ಸಲ ನೋಡಿದ ವಾರದಲ್ಲಿ ಮನಸ್ಸಿನ ಒತ್ತಡವು ಕಡಿಮೆಯಿತ್ತೆಂದು 2015ರಲ್ಲಿ ಪ್ರಕಟಿಸಿದರು.

ಹಾಗೆಂದು ಎಲ್ಲ ಸೂಚನೆಗಳನ್ನೂ ಮುಚ್ಚಿಬಿಟ್ಟರೆ, ಗಿರಾಕಿಯ ಯಂತ್ರವು ಕೆಟ್ಟು ನಿಂತಿತೆಂಬ ತುರ್ತು ಪತ್ರವೂ ಮೌನವಾಗಿ ಬಿದ್ದಿರುತ್ತದೆ. ಆದುದರಿಂದ ಆರಿಸಿ ಮುಚ್ಚುವುದೇ ಲೇಸು. ಮೊದಲು ಸದ್ದನ್ನು ನಿಲ್ಲಿಸಬೇಕು. ಔಟ್‌ಲುಕ್‌ನ ಹಳೆಯ ರೂಪದಲ್ಲಿ ಸದ್ದಿಗೂ ಚೀಟಿಗೂ ಬೇರೆಬೇರೆ ಗುರುತುಗಳಿವೆ. ಬಳಿಕ, ಆಯ್ದ ಕೆಲವರ ಪತ್ರಗಳಿಗೆ ಮಾತ್ರ ಚೀಟಿ ಮೂಡುವಂತೆ ಅದರಲ್ಲಿ ನಿಯಮವನ್ನು ಬರೆದಿಡಬಹುದು. ಜೀಮೇಲ್‌ನಲ್ಲಿ ಎಲ್ಲ ಹೊಸ ಪತ್ರಗಳಿಗೆ, ಮುಖ್ಯವಾದವುಗಳಿಗೆ ಮಾತ್ರ, ಯಾವುದಕ್ಕೂ ಬೇಡ ಎಂಬ ಮೂರು ಆಯ್ಕೆಗಳಿವೆ. ವಿಂಡೋಸ್ 11ರಲ್ಲಿ 'ಡು ನಾಟ್ ಡಿಸ್ಟರ್ಬ್' ಎಂಬಲ್ಲಿ ವೇಳೆಯನ್ನು ಗೊತ್ತುಮಾಡಿದರೆ, ಆ ಅವಧಿಯಲ್ಲಿ ಚೀಟಿಗಳು ತಾವಾಗಿಯೇ ಅಡಗಿರುತ್ತವೆ.

ವಾಚಕರು ಇದನ್ನು ಒಂದು ವಾರ ಪರೀಕ್ಷಿಸಿ ನೋಡಬಹುದು. ಅಂಚೆ ನೋಡುವ ಹೊತ್ತನ್ನು ನಿಗದಿಮಾಡಿ, ತೀರ ತುರ್ತಾದುದಕ್ಕೆ ದೂರವಾಣಿ ಮಾಡಿರೆಂದು ಜೊತೆಗಾರರಿಗೆ ತಿಳಿಸಿರಲಿ. ಯಾರ ಪತ್ರವಾದರೂ ತಡವಾಗಿ ಕಂಡು ತೊಂದರೆಯಾದರೆ, ಅವರ ಹೆಸರನ್ನು ಆಯ್ದವರ ಪಟ್ಟಿಗೆ ಸೇರಿಸಲಿ. ಆ ಪಟ್ಟಿಯು ನಾವು ಎಣಿಸುವುದಕ್ಕಿಂತ ಚಿಕ್ಕದಾಗಿಯೇ ಇರುವುದು.