ಕೆಟ್ಟಿದ್ದು ಇಂಜಿನ್ ಅಲ್ಲ, ಕಂಡೆನ್ಸರ್!

2023ರ ಮುಂಗಾರು ಕೈಕೊಟ್ಟ ಮೇಲೆ ಅಜ್ಜಂಪುರದ ಈ ಕಡೆ ನಮ್ಮ ಬೋರೂ ಬತ್ತಿತು. 2024ರ ಮಾರ್ಚಿನಲ್ಲಿ ಟ್ಯಾಂಕರ್ ನೀರು ತರಿಸಿ ಹೊಂಡಕ್ಕೆ ಬಿಡಿಸುತ್ತಿದ್ದೆ. ಅಲ್ಲಿಂದ ಅಡಿಕೆ ಸಸಿಗಳಿಗೆ ನೀರೆತ್ತಲು ಇದ್ದದ್ದು ಅಪ್ಪನ ಕಾಲದ ಸೀಮೆಎಣ್ಣೆ ಇಂಜಿನ್. ದುಡ್ಡು ಕೊಟ್ಟ ನೀರು ಹೊಂಡದಲ್ಲಿ, ಸಸಿ ಬಿಸಿಲಲ್ಲಿ. ಆಗಲೇ ಅದು ಹಟ ಹಿಡಿಯಿತು.

ಬೆಳಿಗ್ಗೆ ಹಗ್ಗ ಎಳೆದರೆ ಹತ್ತುತ್ತಿತ್ತು. ಕಾಲು ಗಂಟೆ ಓಡಿ ಬಿಸಿಯಾಗುತ್ತಲೇ ನಿಲ್ಲುತ್ತಿತ್ತು. ಆರಿದ ಮೇಲೆ ಮತ್ತೆ ಹತ್ತುವುದು, ಮತ್ತೆ ಅದೇ ರಾಗ. ಎರಡು ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ತೊಳೆದೆ. ಕಡೂರಿನಲ್ಲಿ ರಿಪೇರಿಯವರೊಬ್ಬರು "ಪಿಸ್ಟನ್ ಸವೆದೈತಣ್ಣ, ಪೂರ್ತಿ ಬಿಚ್ಬೇಕು" ಅಂದರು. ಅವರು ಹೇಳಿದ ಖರ್ಚು ಕೇಳಿ ಇಂಜಿನ್ ವಾಪಸ್ ಹೊತ್ತು ತಂದೆ.

ತರೀಕೆರೆಯಲ್ಲಿ ಹಳೇ ಸ್ಕೂಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಬಿಸಿಯಾದಾಗ ಕಿಡಿ ಯಾವ ಬಣ್ಣ?" ಪ್ಲಗ್ ಬಿಚ್ಚಿ, ವೈರ್ ಸಿಕ್ಕಿಸಿ, ಇಂಜಿನ್ ಮೈಗೆ ತಾಗಿಸಿ ಹಗ್ಗ ಎಳೆದೆ. (ಪ್ಲಗ್ ತೂತಿನಿಂದ, ಪೆಟ್ರೋಲಿನಿಂದ ದೂರ ಹಿಡಿಯಿರಿ, ಬೆಂಕಿ ಹತ್ತೀತು.) ತಣ್ಣಗಿದ್ದಾಗ ನೀಲಿ. ಬಿಸಿಯಲ್ಲಿ ಕೆಂಪಗೆ, ಬಡಕಲು. "ಕಂಡೆನ್ಸರ್ ಹೋಗೈತೆ, ಪಾಯಿಂಟೂ ಸುಟ್ಟಿರ್ತೈತೆ ನೋಡಿ" ಅಂದರು.

ಪಾಯಿಂಟ್ ತೆರೆದುಕೊಂಡ ಗಳಿಗೆಗೆ ಕಾಯಿಲ್‌ನಿಂದ ಪ್ಲಗ್ಗಿಗೆ ಕಿಡಿ ಹೋಗಬೇಕು. ಕಂಡೆನ್ಸರ್ ಕೆಟ್ಟರೆ ಆ ವಿದ್ಯುತ್ತು ಪಾಯಿಂಟಿನಲ್ಲೇ ಕಿಡಿಯಾಗಿ ಸುಡುತ್ತದೆ, ಪ್ಲಗ್ಗಿಗೆ ಉಳಿಯುವುದು ಅಲ್ಪ. ಪಾಯಿಂಟ್ ಇರುವ ಹಳೇ ದೋಣಿ ಮೋಟಾರಿಗೂ ಇದೇ ಕಾಯಿಲೆ ಬರುತ್ತದೆ.

ಎರಡೂ ಇರುವುದು ಫ್ಲೈವೀಲಿನ ಒಳಗೆ. ಅದನ್ನು ಪುಲ್ಲರ್‌ನಿಂದಲೇ ತೆಗೆಯಬೇಕು. ನಾನು ಹಿಂದೊಮ್ಮೆ ಸುತ್ತಿಗೆಯಲ್ಲಿ ಹೊಡೆದು ಶಾಫ್ಟಿನ ಥ್ರೆಡ್ ಕೆಡಿಸಿಕೊಂಡವನು! ಅರ್ಧಚಂದ್ರಾಕಾರದ ಪುಟ್ಟ ಕೀ ಬಿದ್ದುಹೋಗದಂತೆ ಬಟ್ಟೆ ಹಾಸಿಕೊಳ್ಳಿ. ಅದು ಸವೆದಿದ್ದರೆ ಟೈಮಿಂಗ್ ತಪ್ಪಿ ಹಗ್ಗ ಕೈಗೇ ಒದೆಯುತ್ತದೆ.

ನಮ್ಮದರಲ್ಲಿ ಪಾಯಿಂಟಿನ ಒಂದು ಮುಖ ಗುಳಿ ಬಿದ್ದು, ಎದುರಿನದು ಉಬ್ಬಿತ್ತು. ಪಾಯಿಂಟ್, ಕಂಡೆನ್ಸರ್ ಎರಡನ್ನೂ ಹೊಸದು ಹಾಕಿದೆ. ಹೊಸ ಪಾಯಿಂಟಿನ ಮೇಲೆ ಎಣ್ಣೆ ಪಸೆ ಇರುತ್ತದೆ, ಒಣ ಬಟ್ಟೆಯಲ್ಲಿ ಒರೆಸದಿದ್ದರೆ ಕಿಡಿಯೇ ಬಾರದು. ಶಾಫ್ಟ್ ತಿರುಗಿಸಿ ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜ್ ಇಟ್ಟು 0.35 ಮಿ.ಮೀ. ಸಂದಿ ಬಿಟ್ಟೆ. ನಿಮ್ಮ ಇಂಜಿನ್ನಿನ ಅಳತೆ ಬೇರೆ ಇರಬಹುದು, ಪುಸ್ತಕ ನೋಡಿ. ಕ್ಯಾಮಿಗೆ ತಾಗುವ ಉಣ್ಣೆ ತುಂಡಿಗೆ ಒಂದೇ ಹನಿ ಎಣ್ಣೆ ಸಾಕು.

ಅಂದು ಸಂಜೆ ಹೊಂಡದ ನೀರು ಮುಗಿಯುವವರೆಗೂ ಇಂಜಿನ್ ನಿಲ್ಲಲಿಲ್ಲ. ಬಿಚ್ಚಿದ ಪಿಸ್ಟನ್ ಒಂದೂ ಇಲ್ಲ. ಪುಲ್ಲರ್ ಈಗ ಊರಿನ ನಾಲ್ಕು ಮನೆ ಸುತ್ತುತ್ತಿದೆ, ಬೇಕೆಂದಾಗ ನನಗೇ ಸಿಗುತ್ತಿಲ್ಲ.