ಹುಳ ರಜೆ ಕೇಳುವುದಿಲ್ಲ
ನಾಳೆ ಪ್ರಾಜೆಕ್ಟ್ ಕೊಡಬೇಕು, ರಾತ್ರಿ ಹತ್ತು ಗಂಟೆಗೆ ಚಾರ್ಟ್ ಪೇಪರ್ ಬೇಕು! ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಗಡಿಬಿಡಿ. ಕೊನೆಗೆ ನಿದ್ದೆಗೆಟ್ಟು ಅಂಟಿಸುವುದು ತಾಯಿ. ಮಗು ಕಲಿತದ್ದು ಏನೂ ಇಲ್ಲ.

ಇದೇ ಪ್ರಾಜೆಕ್ಟನ್ನು ರಾಮನಗರದ ವಿದ್ಯಾರ್ಥಿಯೊಬ್ಬ ರೇಷ್ಮೆಯ ಬಗ್ಗೆ ಮಾಡುತ್ತಾನೆ ಅಂತಿಟ್ಟುಕೊಳ್ಳಿ. ಹುಳ ಮೊಟ್ಟೆಯಿಂದ ಹೊರಬಂದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಕಳಚುತ್ತದೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ. ಸುಮಾರು 25 ದಿನಕ್ಕೆ ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತದೆ. ಗೂಡನ್ನು ಹೆಚ್ಚು ದಿನ ಹಾಗೇ ಬಿಟ್ಟರೆ ಚಿಟ್ಟೆ ತೂತು ಮಾಡಿ ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಉದ್ದನೆಯ ನೂಲು ಸಿಗದು. ಅದಕ್ಕೇ ರೈತರು ದಿನ ಲೆಕ್ಕ ಹಾಕಿಯೇ ಗೂಡನ್ನು ಮಾರುಕಟ್ಟೆಗೆ ತರುತ್ತಾರೆ.

ಕೊನೆಯ ವಾರ ಹೊರಟ ಹುಡುಗನಿಗೆ ಒಂದು ಹಂತ ಮಾತ್ರ ಕಾಣುತ್ತದೆ. ಉಳಿದದ್ದನ್ನು ಮೊಬೈಲ್ ನೋಡಿ ಬರೆಯಬೇಕು.

ಆದ್ದರಿಂದ ಕೊಡುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಅವಸರ ಮಾಡಲಾಗದ ಕೆಲಸ, ಅಂದರೆ ಕಣ್ಣಾರೆ ನೋಡುವುದು, ಕೇಳುವುದು, ಮೊದಲು. ಬರವಣಿಗೆ ಆಮೇಲೆ. ಚಾರ್ಟ್ ಕೊನೆಗೆ. ಕೈಯಲ್ಲಿ ಎರಡು ದಿನ ಉಳಿಸಿಕೊಂಡರೆ ಜ್ವರ ಬಂದರೂ, ಕರೆಂಟ್ ಹೋದರೂ ಚಿಂತೆಯಿಲ್ಲ.

ಬೆಳಿಗ್ಗೆ ಮದ್ರಸ, ಹಗಲು ಶಾಲೆ ಇರುವ ಮಕ್ಕಳಿಗೆ ಸಂಜೆಯ ಅರ್ಧ ಗಂಟೆ ಸಾಕು, ಆದರೆ ದಿನಾ ಬೇಕು. ತಂದೆ-ತಾಯಂದಿರೇ, ಅಂಟಿಸಿಕೊಡಬೇಡಿ. “ಇವತ್ತು ಏನು ನೋಡಿದೆ?” ಅಂತ ದಿನಾ ಕೇಳಿ.