ಸೆರಗಿನ ಕೆಂಡ

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ ತಾವು ಯಾರ ಮಗನೆಂಬುದು ತಿಳಿಯುವ ಹೊತ್ತಿಗೆ ಬದುಕು ಬಹುಪಾಲು ಮುಗಿದಿತ್ತು. ಶಾಸ್ತ್ರ ಓದಿ ಆಗಿತ್ತು, ಮನೆತನ ನಡೆಸಿ ಆಗಿತ್ತು. ಕಪಿಲೆಯ ಪ್ರವಾಹ ಮಗನನ್ನು ಒಯ್ದಿತ್ತು. ವಿಧವೆ ಸೊಸೆ ಕಾತ್ಯಾಯನಿ ಮೈಸೂರಿನಲ್ಲಿ ಓದುತ್ತ ರಾಜಾರಾಯನನ್ನು ಪ್ರೀತಿಸಿ, ಮದುವೆಯಾಗಿ ಹೊರಟುಹೋಗಿದ್ದಳು. ಅವಳ ಮಗುವನ್ನು ಶ್ರೋತ್ರಿಗಳೇ ಉಳಿಸಿಕೊಂಡು ಬೆಳೆಸಿದ್ದರು, ವಂಶದ ಕುಡಿ ವಂಶದಲ್ಲೇ ಇರಬೇಕೆಂದು. ಇನ್ನು ಸಂನ್ಯಾಸ ಒಂದೇ ಬಾಕಿ ಎನ್ನುವಾಗ ಗೊತ್ತಾಗುತ್ತದೆ, ತಮ್ಮ ಮೈಯಲ್ಲಿ ಹರಿಯುತ್ತಿರುವುದು ಶ್ರೋತ್ರಿಯ ವಂಶದ ರಕ್ತವೇ ಅಲ್ಲ. ಆಸ್ತಿ ದಾಯಾದಿಯ ಪಾಲಾಗಬಾರದೆಂಬ ಹಟಕ್ಕೆ ಬೇರೊಬ್ಬನಿಂದ ಪಡೆದ ಮಗ ತಾವು.

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಪ್ರಕಟವಾದದ್ದು 1965ರಲ್ಲಿ. ಕಾತ್ಯಾಯನಿ ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ಅಂದಿನಿಂದ ನಿಂತಿಲ್ಲ. ನನ್ನನ್ನು ಕಾಡಿದ್ದು ಆ ಜಗಳಕ್ಕಿಂತ ಹೆಚ್ಚಾಗಿ ಕೊನೆಯಲ್ಲಿ ಬರುವ ಈ ಗುಟ್ಟು. ಅದರ ಬೇರು ಇಳಿದಿರುವುದು ಜಮೀನಿನಲ್ಲಿ. ಒಬ್ಬ ಗಂಡಸು ತನ್ನ ಆಸ್ತಿಗೆ ವಾರಸುದಾರ ಬೇಕೆಂದು ಹೆಂಡತಿಯ ಬಾಳನ್ನೇ ಪಣಕ್ಕಿಟ್ಟ, ಸತ್ತುಹೋದ. ಗುಟ್ಟು ಸತ್ತವರ ಹತ್ತಿರ ಉಳಿದು, ಬದುಕಿರುವವರನ್ನು ಒಳಗೊಳಗೇ ಆಳುತ್ತಿತ್ತು. ಕನ್ನಡ ಕಾದಂಬರಿಯಲ್ಲಿ ಮನೆಯ ಗುಟ್ಟು ಹೇಗೆ ಹುಟ್ಟಿತು, ಬೆಳೆದು ಇಂದು ಎಲ್ಲಿಗೆ ಬಂದು ನಿಂತಿದೆ ಎಂದು ನೋಡಹೊರಟವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಗುಟ್ಟೆಂಬ ಆ ಕೆಂಡ ಯಾರ ಸೆರಗಿನಲ್ಲಿದೆ?

ಗುಟ್ಟು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಕುಂತಿ ಹೊಳೆಗೆ ಬಿಟ್ಟ ಕೂಸನ್ನು 10ನೇ ಶತಮಾನದಲ್ಲೇ ಪಂಪ ತನ್ನ ಕಾವ್ಯದ ಹೃದಯಕ್ಕೆ ತಂದುಕೊಂಡ. 13ನೇ ಶತಮಾನದ ಜನ್ನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯನ್ನು ಮಾವುತನ ಬಳಿಗೆ ಕಳಿಸಿದ, ಅದನ್ನು ಕಂಡ ರಾಜನನ್ನು ಮಾತಿಲ್ಲದೆ ಹಿಂದಕ್ಕೆ ತಂದ. ಕಂಡೂ ಸುಮ್ಮನಾದ ಗಂಡನ ಆ ಮೌನದಿಂದಲೇ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕ ಬರೆದರು. ಆದರೆ ಕಾವ್ಯದಲ್ಲಿ ಗುಟ್ಟು ಅರಮನೆಯದು. ಅದು ನಮ್ಮ ನಿಮ್ಮಂಥವರ ಮನೆಯ ನಡುಮನೆಗೆ, ಅಡುಗೆಕೋಣೆಗೆ ಬರಲು ಕಾದಂಬರಿಯೇ ಬೇಕಾಯಿತು.

ಬಂದದ್ದು ಸುಧಾರಣೆಯ ಕೈ ಹಿಡಿದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1899ರಲ್ಲಿ ಹೊರಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಎಳೆಯ ವಿಧವೆಯೊಬ್ಬಳು ಮನೆ ಬಿಟ್ಟು ಬಂದು, ಓದಿ, ಮತ್ತೆ ಮದುವೆಯಾಗುತ್ತಾಳೆ. ವಿಧವಾ ಪುನರ್ವಿವಾಹದ ಕಾಯಿದೆ 1856ರಲ್ಲೇ ಬಂದಿತ್ತು. ಕಾಯಿದೆ ಬಂದರೂ ಮನೆಯ ಬಾಗಿಲು ತೆರೆದಿರಲಿಲ್ಲ. 1905ರ ಬೋಳಾರ ಬಾಬುರಾಯರ ‘ವಾಗ್ದೇವಿ’ ಮಠದೊಳಗಿನ ಸಂಬಂಧವನ್ನು ಬಯಲಿಗೆಳೆಯಿತು. ಈ ಇಬ್ಬರಿಗೂ ಗುಟ್ಟು ಎಂದರೆ ಬಯಲು ಮಾಡಬೇಕಾದ ಅನಾಚಾರ. ತಪ್ಪು ಮಾಡಿದವರು ಯಾರು, ಒಳ್ಳೆಯವರು ಯಾರು ಎಂಬುದರಲ್ಲಿ ಅವರಿಗೆ ಗೊಂದಲವೇ ಇರಲಿಲ್ಲ. ಗುಟ್ಟನ್ನು ಹೊತ್ತವರ ಒಳಗೆ ಏನಾಗುತ್ತದೆ ಎಂಬ ಕಡೆಗೆ ಕನ್ನಡ ತಿರುಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ತಿರುಗಿಸಿದವರಲ್ಲಿ ತ್ರಿವೇಣಿಯವರ ಹೆಸರನ್ನು ನಾನು ಮೊದಲು ಹೇಳುತ್ತೇನೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ಅವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಜನಪ್ರಿಯ ಲೇಖಕಿ ಎಂಬ ಹಣೆಪಟ್ಟಿ ಹಚ್ಚಿ ಅವರನ್ನು ವಿಮರ್ಶೆಯ ಪಡಸಾಲೆಯಿಂದ ಆಚೆ ಕೂರಿಸಿದ್ದು ಅನ್ಯಾಯ. ‘ಶರಪಂಜರ’ದ ಕಾವೇರಿ ಮದುವೆಗೆ ಮುಂಚಿನ ಒಂದು ನೋವನ್ನು ಯಾರಿಗೂ ಹೇಳದೆ ಬದುಕಿದವಳು. ಹೆರಿಗೆಯ ನಂತರ ಮನಸ್ಸು ಹತೋಟಿ ತಪ್ಪುತ್ತದೆ. ಚಿಕಿತ್ಸೆಯಾಗುತ್ತದೆ, ಗುಣವಾಗಿ ಮನೆಗೆ ಮರಳುತ್ತಾಳೆ. ಅಲ್ಲಿಂದ ಮುಂದಿನದ್ದೇ ಕತೆ. ರೋಗಿ ಗುಣವಾದಳು, ಮನೆ ಗುಣವಾಗಲಿಲ್ಲ. ಗಂಡನ ಕಣ್ಣು, ನೆರೆಹೊರೆಯವರ ಮಾತು, ಕೆಲಸದವರ ಪಿಸುಗುಟ್ಟುವಿಕೆ ಎಲ್ಲವೂ ಅವಳನ್ನು ಮತ್ತೆ ಅಲ್ಲಿಗೇ ತಳ್ಳುತ್ತವೆ. ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯ ಕಂಡು ಜನ ಅತ್ತರು. ಆ ಅಳುವಿನಲ್ಲಿ ಎಷ್ಟು ಹೆಂಗಸರಿಗೆ ತಂತಮ್ಮ ಮನೆಯೇ ಕಂಡಿರಬೇಕು.

‘ವಂಶವೃಕ್ಷ’ ಬಂದ ವರ್ಷವೇ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಬಂತು. ದೂರ್ವಾಸಪುರದ ಪ್ರಾಣೇಶಾಚಾರ್ಯ ಚಂದ್ರಿಯೊಡನೆ ಕಳೆದ ಒಂದು ರಾತ್ರಿಯನ್ನು ಹೊತ್ತುಕೊಂಡು ಊರೂರು ಅಲೆಯುತ್ತಾನೆ. ಅಗ್ರಹಾರಕ್ಕೆ ಹೋಗಿ ಹೇಳಲೋ ಬೇಡವೋ ಎಂಬ ತೊಳಲಾಟದಲ್ಲೇ ಕಾದಂಬರಿ ನಿಲ್ಲುತ್ತದೆ. ಒಂದೇ ವರ್ಷದಲ್ಲಿ ಇಬ್ಬರು ಧರ್ಮನಿಷ್ಠ ಗಂಡಸರು ತಾವು ಅಂದುಕೊಂಡಿದ್ದವರು ತಾವಲ್ಲ ಎಂದು ಕಂಡುಕೊಂಡರು. ಒಬ್ಬರು ಆಸ್ತಿಯ ಮೇಲಿನ ಹಕ್ಕು ಬಿಟ್ಟು ಮನೆಯಿಂದ ಹೊರಬಿದ್ದರು. ಇನ್ನೊಬ್ಬರು ದಾರಿಯಲ್ಲೇ ಉಳಿದರು. ಆ ಕಾಲದ ಆತ್ಮಶೋಧ ಗಂಡಸಿನದು, ಅದರ ಬೆಲೆ ತೆತ್ತವರು ಮಾತ್ರ ಹೆಂಗಸರು. ಕಾಲೇಜಿನಲ್ಲಿ ಪಾಠ ಹೇಳುವ ಕಾತ್ಯಾಯನಿಯ ಎದುರು ಅವಳದೇ ಮಗ ವಿದ್ಯಾರ್ಥಿಯಾಗಿ ಕೂರುತ್ತಾನೆ. ತಾಯಿ ಎಂದು ಒಪ್ಪಿಕೊಳ್ಳಲಾರ. ಭೈರಪ್ಪನವರ ವಿಚಾರಗಳೊಂದಿಗೆ ಎಷ್ಟೇ ಭಿನ್ನಾಭಿಪ್ರಾಯ ಇದ್ದರೂ ಈ ಭಾಗವನ್ನು ಓದಿ ಗಂಟಲು ಕಟ್ಟದವರು ಅಪರೂಪ.

ಹೆಂಗಸರ ಕಡೆಯಿಂದ ಗುಟ್ಟು ಹೇಗೆ ಕಾಣುತ್ತದೆ? ಶಿವರಾಮ ಕಾರಂತರು 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬರೆದು ಒಬ್ಬ ಬಾಲವಿಧವೆ ಮುದುಕಿಯ ಕೈಗೆ ಗುಟ್ಟು ಕಾಣುವ ಶಕ್ತಿ ಕೊಟ್ಟರು. ವಸ್ತುವೊಂದನ್ನು ಮುಟ್ಟಿದರೆ ಸಾಕು, ಅದರ ಹಿಂದಿನ ಬದುಕು ಅವಳಿಗೆ ಕಾಣುತ್ತದೆ. ಕಂಡದ್ದನ್ನು ಹೇಳುತ್ತಾಳೆ, ಯಾರನ್ನೂ ಹೀಗಳೆಯುವುದಿಲ್ಲ. ಮುಂದೆ ಕುಂದಾಪುರದ ಕಡೆಯ ವೈದೇಹಿಯವರ ಕತೆಗಳಲ್ಲಿ ಅಂಥ ಶಕ್ತಿಯೂ ಬೇಕಾಗಲಿಲ್ಲ. ಹಿತ್ತಿಲಿನಲ್ಲಿ, ಬಾವಿಕಟ್ಟೆಯಲ್ಲಿ, ಮದುವೆಮನೆಯ ಅಡುಗೆ ಚಪ್ಪರದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಗಂಡಸರಿಗೆ ಮಾತ್ರ, ತಮ್ಮ ವಿಷಯ ಯಾರಿಗೂ ಗೊತ್ತಿಲ್ಲ ಎಂಬ ನಂಬಿಕೆ. ಅವರ ‘ಅಕ್ಕು’ವನ್ನು ಮನೆಯವರು ಹುಚ್ಚಿ ಎನ್ನುತ್ತಾರೆ. ಮನೆಮಂದಿ ನುಂಗಿಕೊಂಡದ್ದನ್ನು ಅವಳು ಆಡಿಬಿಡುತ್ತಾಳಲ್ಲ, ಹುಚ್ಚಿ ಎನ್ನದೆ ಇನ್ನೇನು ಎಂದಾರು! ಈ ಕತೆಗಳಿಲ್ಲದೆ ಇಂದಿನ ಕನ್ನಡ ಕತೆಗಾರರು ತಮ್ಮ ದಾರಿ ಕಂಡುಕೊಳ್ಳುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

ಇನ್ನು 2013. ಆ ವರ್ಷ ಬಂದ ಎರಡು ಪುಸ್ತಕಗಳು ಮನೆಯ ಗುಟ್ಟಿನ ನಕ್ಷೆಯನ್ನೇ ಬದಲಿಸಿದವು.

ಒಂದು, ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ದೇಶವಿದೇಶದ ಓದುಗರನ್ನು ಮುಟ್ಟಿದ ಈ ಪುಟ್ಟ ಕಾದಂಬರಿಯಲ್ಲಿ ಬೆಂಗಳೂರಿನ ಒಂದು ಕುಟುಂಬವಿದೆ. ಅಪ್ಪ ಚಹಾಪುಡಿ ಮಾರುವ ಕೆಲಸದಲ್ಲಿದ್ದಾಗ ಚಿಕ್ಕ ಮನೆ, ಕೋಣೆಯ ಹಿಂದೆ ಕೋಣೆ, ಸಾಲುಗಟ್ಟಿ ಬರುವ ಇರುವೆಗಳು, ಖರ್ಚಿಗೆ ಮುನ್ನ ಎಲ್ಲರೂ ಕೂತು ಆಡುವ ಮಾತು. ಆಮೇಲೆ ಚಿಕ್ಕಪ್ಪ ಮಸಾಲೆ ಪೊಟ್ಟಣದ ವ್ಯಾಪಾರ ಶುರುಮಾಡುತ್ತಾನೆ. ಅಪ್ಪನ ನಿವೃತ್ತಿಯ ಹಣ ಅದರಲ್ಲಿ ಸೇರುತ್ತದೆ. ‘ಸೋನಾ ಮಸಾಲಾ’ ಬೆಳೆಯುತ್ತದೆ. ದೊಡ್ಡ ಮನೆ ಬರುತ್ತದೆ, ಜೊತೆಗೆ ಹೊಸ ಅಭ್ಯಾಸಗಳೂ ಬರುತ್ತವೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರೇ ಬೈದು ಓಡಿಸುತ್ತಾರೆ. ಅವಳು ಯಾರು, ಯಾಕೆ ಬಂದಳು ಎಂದು ಯಾರೂ ಕೇಳುವುದಿಲ್ಲ. ದುಡಿಯುವವನು ಚಿಕ್ಕಪ್ಪ, ಅವನಿಗೆ ನೋವಾಗಬಾರದು, ಅಷ್ಟೇ.

ಶಾನಭಾಗರು ಕಂಡ ಹೊಸ ಸಂಗತಿ ಇಲ್ಲಿದೆ. ಗುಟ್ಟು ಯಾರೊಬ್ಬರ ಬಳಿಯೂ ಇಲ್ಲ, ಎಲ್ಲರ ಬಳಿಯೂ ಇದೆ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಆಡದಿರುವುದೇ ಈ ಮನೆಯ ಒಪ್ಪಂದ. ಅಪ್ಪ ಉಯಿಲು ಬರೆದು ತನ್ನ ಪಾಲನ್ನು ದಾನ ಮಾಡಿಬಿಟ್ಟಾನೆಂಬ ಹೆದರಿಕೆಯೂ ಆ ಒಪ್ಪಂದದ ಭಾಗ. ಆಸ್ತಿ ಮತ್ತೆ ಬಂತು ನೋಡಿ. ನಂಜನಗೂಡಿನ ಜಮೀನು ಬೆಂಗಳೂರಿನ ಕಂಪನಿಯಾಗಿದೆ, ಅಷ್ಟೇ ವ್ಯತ್ಯಾಸ. ಕತೆ ಹೇಳುವ ಮಗನಿಗೂ ಒಂದು ಗುಟ್ಟಿದೆ. ಕಂಪನಿಯಲ್ಲಿ ಅವನ ಹೆಸರಿಗೆ ಹುದ್ದೆಯಿದೆ, ಸಂಬಳವಿದೆ, ಕೆಲಸವಿಲ್ಲ. ಇದು ತಿಳಿದು ಹೌಹಾರುವವಳು ಹೊಸ ಹೆಂಡತಿ ಅನಿತಾ. ಮನೆಯ ಒಪ್ಪಂದಕ್ಕೆ ಸಹಿ ಹಾಕದೆ ಒಳಗೆ ಬಂದವಳು ಅವಳೊಬ್ಬಳೇ. ಬಾಗಿಲಿಗೆ ಬಂದ ಹೆಂಗಸಿನ ಪರ ಮಾತಾಡುವವಳೂ ಅವಳೇ. ಕಾತ್ಯಾಯನಿಯಿಂದ ಅನಿತಾವರೆಗೆ, ಮನೆ ಮುಚ್ಚಿಟ್ಟದ್ದನ್ನು ಕಾಣುವ ಕಣ್ಣು ಹೊರಗಿನಿಂದ ಬಂದ ಸೊಸೆಯದು. ಅವಳಿಗೆ ಏನಾಯಿತು ಎಂಬುದನ್ನು ಶಾನಭಾಗರು ಹೇಳದೆ ಬಿಡುತ್ತಾರೆ. ಶ್ರೋತ್ರಿಗಳು ಸತ್ಯ ತಿಳಿದ ಮೇಲೆ ಮನೆಯಲ್ಲಿ ನಿಲ್ಲಲಾರದೆ ಹೊರಟರು. ಈ ಮಗ ಎಲ್ಲವನ್ನೂ ಬಲ್ಲ, ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ‘ವಂಶವೃಕ್ಷ’ಕ್ಕೂ ಈ ಪುಸ್ತಕಕ್ಕೂ ನಡುವಿನ 48 ವರ್ಷಗಳಲ್ಲಿ ನಾವು ಏನು ಕಳೆದುಕೊಂಡೆವು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಪುಸ್ತಕ ವಸುಧೇಂದ್ರರ ‘ಮೋಹನಸ್ವಾಮಿ’. ಗಂಡಸನ್ನು ಪ್ರೀತಿಸುವ ಗಂಡಸಿನ ಕತೆಗಳು. ಇಲ್ಲಿ ಗುಟ್ಟು ಎಂದರೆ ಮನುಷ್ಯ ತಾನೇ. ಬಾಲ್ಯದಲ್ಲಿ ಕೇಳಿದ ಹೀಯಾಳಿಕೆ, ಹೆತ್ತವರ ಮುಂದೆ ಆಡುವ ನಾಟಕ, ಮನಸಾರೆ ಪ್ರೀತಿಸಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗುವಾಗ ನಗುತ್ತ ನಿಲ್ಲಬೇಕಾದ ಸಂಕಟ. ಮೊದಲ ಕತೆಯನ್ನು ಲೇಖಕರು ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ್ದರು. ಪುಸ್ತಕಕ್ಕೆ ತಮ್ಮದೇ ಹೆಸರು ಹಾಕಿದರು, ತಾವೂ ಅಂಥವರೇ ಎಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಸಲಿಂಗಪ್ರೇಮವನ್ನು ಮತ್ತೆ ಅಪರಾಧದ ಪಟ್ಟಿಗೆ ಸೇರಿಸಿತು. 2018ರ ಸೆಪ್ಟೆಂಬರ್ 6ರಂದು ತಾನೇ ಅದನ್ನು ಸರಿಪಡಿಸಿತು. ನಡುವಿನ ಐದು ವರ್ಷ ಆ ಪುಸ್ತಕ ಕನ್ನಡನಾಡಿನ ಸಣ್ಣ ಊರುಗಳಲ್ಲಿ ಕಾನೂನಿಗಿಂತ ಮುಂದೆ ನಡೆಯಿತು. ಪ್ರೀತಿಯ ಕತೆ ಎಂದಾಗ ಕನ್ನಡದಲ್ಲಿ ಇನ್ನು ಮೇಲೆ ಯಾರ ಪ್ರೀತಿ ಎಂದು ಕೇಳುವುದು ಅನಿವಾರ್ಯವಾಯಿತು. ಇದು ಸಣ್ಣ ಸಾಧನೆಯಲ್ಲ.

ಗುಟ್ಟು ಕಾಯುವ ಕೆಲಸವನ್ನು ತವರುಮನೆಯೂ ಮಾಡುತ್ತದೆ ಎಂದು ತೋರಿಸಿದವರು ಹಾಸನದ ಬಾನು ಮುಷ್ತಾಕ್. ಬಂಡಾಯದ ದಿನಗಳಿಂದ ಬರೆಯುತ್ತ, ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡುತ್ತ, ಮುಂದೆ ವಕೀಲಿಕೆ ನಡೆಸುತ್ತ ಅವರು ಕೇಳಿಸಿಕೊಂಡ ಹೆಂಗಸರ ದನಿ ಅವರ ಕತೆಗಳಲ್ಲಿದೆ. ‘ಎದೆಯ ಹಣತೆ’ಯ ಮೆಹರುನ್ ಗಂಡನಿಗೆ ಇನ್ನೊಬ್ಬಳ ನಂಟಿದೆ ಎಂದು ತಿಳಿದು ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರಿಗೆ ಅವಳ ನೋವಿಗಿಂತ ಮನೆಯ ಮಾನ ದೊಡ್ಡದು. ಊರಿಗೆ ಗೊತ್ತಾಗುವ ಮುಂಚೆ ವಾಪಸು ಬಿಟ್ಟುಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವವಳು ಹಿರಿಯ ಮಗಳು ಸಲ್ಮಾ. ದೀಪಾ ಭಾಸ್ತಿಯವರ ಅನುವಾದದಲ್ಲಿ ಈ ಕತೆಯ ಹೆಸರನ್ನೇ ಹೊತ್ತ ಸಂಕಲನ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಕನ್ನಡಕ್ಕೆ ಇದು ಮೊದಲ ಬೂಕರ್, ಸಣ್ಣಕತೆಗಳ ಸಂಕಲನಕ್ಕೂ ಮೊದಲನೆಯದು. ಸಂಭ್ರಮ ಪಟ್ಟೆವು, ಸರಿ. ಆ ಅಣ್ಣಂದಿರು ನಮ್ಮ ಬೀದಿಯಲ್ಲೇ ಇದ್ದಾರೆ, ಎಲ್ಲ ಜಾತಿಯಲ್ಲೂ ಧರ್ಮದಲ್ಲೂ. ಕರ್ನಾಟಕ 1994ರಲ್ಲೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, 2005ರಲ್ಲಿ ದೇಶವೇ ಕೊಟ್ಟಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಅಕ್ಕತಂಗಿಯರು ಇಂದೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಯಾಕೆ ಹಾಕಿದೆ ಎಂದು ಕೇಳಿದರೆ, ತವರಿನ ಬಾಗಿಲು ಮುಚ್ಚದಿರಲಿ ಎಂದು, ಎನ್ನುತ್ತಾರೆ. ಅಲ್ಲೇ ಎಷ್ಟೋ ಕಾದಂಬರಿಗಳು ಬರೆಯದೆ ಬಿದ್ದಿವೆ.

ಶಾನಭಾಗರ 2021ರ ‘ಸಕೀನಾಳ ಮುತ್ತು’ವಿನಲ್ಲಿ ಕೆಂಡ ಮತ್ತೆ ಸೆರಗು ಬದಲಿಸಿದೆ. ಬೆಂಗಳೂರಿನ ಫ್ಲ್ಯಾಟೊಂದರ ಬಾಗಿಲಿಗೆ ಇಬ್ಬರು ಹುಡುಗರು ಬಂದು ಮಗಳು ರೇಖಾಳನ್ನು ಕೇಳುತ್ತಾರೆ. ಅವಳು ಮೊಬೈಲ್ ಸಿಗದ ಊರಿಗೆ ಹೋಗಿದ್ದಾಳೆ. ತಂದೆ ವೆಂಕಟರಮಣ ವ್ಯಕ್ತಿತ್ವ ವಿಕಸನದ ಪುಸ್ತಕ ಓದಿ ಓದಿ ತನ್ನನ್ನು ತಾನು ತಿದ್ದಿಕೊಂಡೆ ಎಂದುಕೊಂಡಿರುವ ಮನುಷ್ಯ. ಮಗಳನ್ನು ಹುಡುಕುತ್ತ ಹೋದರೆ ಊರಿನ ಹಳೆಯ ಸಂಗತಿಗಳು, ಹಿಂದೊಮ್ಮೆ ಕಾಣೆಯಾದ ಬಂಧುವಿನ ನೆನಪು ಎದುರಾಗುತ್ತವೆ. ತಾನು ಉದಾರಿ, ಮಗಳಿಗೆ ಎಲ್ಲ ಸ್ವಾತಂತ್ರ್ಯ ಕೊಟ್ಟವನು ಎಂಬ ಅವನ ನಂಬಿಕೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹಿಂದೆ ಹಿರಿಯರು ಮಕ್ಕಳಿಂದ ಮುಚ್ಚಿಡುತ್ತಿದ್ದರು. ಈಗ ಅಪ್ಪನಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಮಗಳು ನಿರ್ಧರಿಸುತ್ತಾಳೆ. ಕಾವೇರಿ ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಂಡಿದ್ದಳು, ಮೆಹರುನ್ ಬಾಯಿಯನ್ನು ಮಾನಕ್ಕೆ ಅಂಜಿದ ಅಣ್ಣಂದಿರು ಮುಚ್ಚಿಸಿದ್ದರು. ರೇಖಾ ಅಂಜಿ ಸುಮ್ಮನಿದ್ದವಳಲ್ಲ. ತನ್ನ ಬದುಕು ತನ್ನದು, ಅದರ ಲೆಕ್ಕವನ್ನು ಅಪ್ಪನಿಗೆ ಒಪ್ಪಿಸಬೇಕಿಲ್ಲ ಎಂದುಕೊಂಡವಳು.

ಆದರೂ ‘ಘಾಚರ್ ಘೋಚರ್’ನಂತೆ ಈ ಕತೆಯನ್ನು ಹೇಳುತ್ತಿರುವವನು ಗಂಡಸೇ. ಅರೆಬರೆ ತಿಳಿದ, ಉಳಿದದ್ದನ್ನು ಊಹಿಸುವ ಗಂಡಸು. ಆ ಕುರುಡನ್ನು ಒಳಗಿನಿಂದ ತೋರಿಸುವುದರಲ್ಲಿ ಶಾನಭಾಗರಷ್ಟು ನುರಿತವರು ಇಂದು ಕನ್ನಡದಲ್ಲಿ ಇನ್ನೊಬ್ಬರಿಲ್ಲ ಎಂದೇ ನನ್ನ ಎಣಿಕೆ. ಅನಿತಾ ಆ ದೊಡ್ಡ ಮನೆಯಲ್ಲಿ ಕಂಡದ್ದು, ರೇಖಾ ಊರಿನಿಂದ ಹೊರಟ ಬಸ್ಸಿನಲ್ಲಿ ಯೋಚಿಸಿದ್ದು ಮಾತ್ರ ಅವರವರ ಬಾಯಿಂದ ಬರಬೇಕು. ಅದನ್ನು ಬರೆಯಬಲ್ಲ ಹುಡುಗಿಯರು ಹಾಸನದಲ್ಲೋ ಅಂಕೋಲೆಯಲ್ಲೋ ಈಗಾಗಲೇ ಬರೆಯಲು ಕೂತಿದ್ದರೆ, ಅವರ ಪುಸ್ತಕವನ್ನು ಮೊದಲ ದಿನವೇ ಕೊಂಡು ಓದುವವರ ಸಾಲಿನಲ್ಲಿ ನಾನಿರುತ್ತೇನೆ.